ತಂಬೂರಿ ಮೊದಲು ಕೇಳು

ಹಿರಿಯರೆ, ಗೆಳೆಯರೆ, ಸಂಗೀತ ಪ್ರಿಯರೆ,

ಇಂಥ ಸಭೆಯಲ್ಲಿ ಈ ಜಾಗ ಹಾಡುವವರದು, ಇಲ್ಲವೇ ಶಾಸ್ತ್ರ ಬಲ್ಲವರದು. ಈ ಸಲ ನೀವು ಕೇಳುವವನೊಬ್ಬನನ್ನು ಕರೆದಿದ್ದೀರಿ. "ಒಬ್ಬ ಗಾಯಕರ ಹಿಂದೆ ಇಪ್ಪತ್ತು ವರ್ಷ ಊರೂರು ತಿರುಗಿದ್ದೀರಲ್ಲ, ಅದನ್ನೇ ಹೇಳಿ" ಅಂದಿರಿ. ಹೇಳುತ್ತೇನೆ. ನಾನು ಈ ಊರಿನ ಒಂದು ಜೀನ್ಸ್ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ತರ್. ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿ, ಚಾಕ್‌ನಿಂದ ಗೆರೆ ಎಳೆದು, ಮಿಷನ್ ಓಡಿಸುವುದು ನನ್ನ ಕೆಲಸ. ಸಂಗೀತ ಕಲಿತವನಲ್ಲ. ಕಲಿತದ್ದು ಏನಾದರೂ ಇದ್ದರೆ ಕೇಳುವುದನ್ನು. ಅದನ್ನು ಕಲಿಯುವುದಕ್ಕೂ ವರ್ಷಗಳು ಬೇಕಾದವು.

ನಾನು ಬೆನ್ನು ಹತ್ತಿದ್ದು ಹಿಂದೂಸ್ತಾನಿ ಗಾಯಕರಾದ ಪಂಡಿತ ಎಂ. ವೆಂಕಟೇಶ ಕುಮಾರ್ ಅವರನ್ನು. ಅವರ ಹೆಸರು ತೆಗೆದ ಕೂಡಲೇ ಜನ ಧಾರವಾಡ ಅನ್ನುತ್ತಾರೆ. ಅಲ್ಲಿನ ವಿಶ್ವವಿದ್ಯಾಲಯದ ಸಂಗೀತ ಕಾಲೇಜಿನಲ್ಲಿ ಮೂರು ದಶಕ ಪಾಠ ಹೇಳಿದವರು, ಹಾಗನ್ನುವುದರಲ್ಲಿ ತಪ್ಪೇನಿಲ್ಲ. ಆದರೆ 1953ರಲ್ಲಿ ಅವರು ಹುಟ್ಟಿದ್ದು ನಮ್ಮ ಬಳ್ಳಾರಿ ಸೀಮೆಯ ಲಕ್ಷ್ಮೀಪುರದಲ್ಲಿ. ತಂದೆ ಜಾನಪದ ಹಾಡುಗಾರರು, ತೊಗಲುಗೊಂಬೆ ಆಡಿಸುವವರು. ಸೋದರಮಾವ ಬೆಳಗಲ್ಲು ವೀರಣ್ಣನವರು. ಇಲ್ಲಿ ಕೂತ ಹಿರಿಯರಲ್ಲಿ ವೀರಣ್ಣನವರ ಗೊಂಬೆಯಾಟ ನೋಡದವರು ಕಡಿಮೆ. ನಾನು ಚಿಕ್ಕವನಿದ್ದಾಗ ನೋಡಿದ ಒಂದು ಆಟ ಇನ್ನೂ ಕಣ್ಣಲ್ಲಿದೆ: ಬಿಳಿ ಪರದೆ, ಅದರ ಹಿಂದೆ ದೀಪ, ಬಣ್ಣದ ತೊಗಲಿನ ಹನುಮ. ಗೊಂಬೆ ಕಾಲೆತ್ತುವ ಮೊದಲೇ ಹಾಡು ಎದ್ದಿರುತ್ತಿತ್ತು. 2023ರಲ್ಲಿ ವೀರಣ್ಣನವರು ತೀರಿಕೊಂಡ ಸುದ್ದಿ ಬಂದ ದಿನ ನನಗೆ ನೆನಪಾದದ್ದು ಆ ಹನುಮ ಮಾತ್ರ ಅಲ್ಲ. 1968ರಲ್ಲಿ ಆ ಮಾವ ಅಳಿಯನ ಕೈಹಿಡಿದು ಗದಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಕರೆದೊಯ್ದು ಪುಟ್ಟರಾಜ ಗವಾಯಿಗಳಿಗೆ ಒಪ್ಪಿಸಿದ್ದು ನೆನಪಾಯಿತು. ಆ ಒಂದು ಪ್ರಯಾಣ ಆಗದೆ ಹೋಗಿದ್ದರೆ ನನ್ನ ಪ್ರಯಾಣ ಒಂದೂ ಆಗುತ್ತಿರಲಿಲ್ಲ.

ಗದಗಿನ ಆಶ್ರಮವನ್ನು ನೀವೆಲ್ಲ ಬಲ್ಲಿರಿ. ಪಂಚಾಕ್ಷರಿ ಗವಾಯಿಗಳಿಗೂ ಕಣ್ಣಿಲ್ಲ, ಪುಟ್ಟರಾಜರಿಗೂ ಕಣ್ಣಿಲ್ಲ. ಅವರ ನೆರಳಲ್ಲಿ ಕಣ್ಣಿಲ್ಲದ ಮಕ್ಕಳು, ಗತಿಯಿಲ್ಲದ ಮಕ್ಕಳು ಊಟ ಉಂಡು, ಹಾಡು ಕಲಿತು, ಬದುಕು ಕಟ್ಟಿಕೊಂಡರು. ವೆಂಕಟೇಶ ಕುಮಾರರು ಅಲ್ಲಿ ಹತ್ತು ವರ್ಷಕ್ಕೂ ಮಿಕ್ಕಿ ಇದ್ದರು. ಗ್ವಾಲಿಯರ್ ಘರಾಣೆಯ ನೇರ ನಡಿಗೆ, ಕಿರಾಣಾ ಘರಾಣೆಯ ನಿಧಾನದ ಸ್ವರವಿಸ್ತಾರ, ಹಾಡುವ ಈ ಎರಡು ಪರಂಪರೆಗಳ ಗುಣ ಎರಡೂ ಅವರ ಗಂಟಲಲ್ಲಿ ಜಗಳವಿಲ್ಲದೆ ಇವೆ. 1993ರಲ್ಲಿ ಪುಣೆಯ ಸವಾಯಿ ಗಂಧರ್ವ ಉತ್ಸವದಲ್ಲಿ ಹಾಡಿದ ಮೇಲೆ ಹೊರಗಿನವರಿಗೂ ಗೊತ್ತಾದರು. 2016ರಲ್ಲಿ ಪದ್ಮಶ್ರೀ ಬಂತು. ಇವೆಲ್ಲ ಪತ್ರಿಕೆಯಲ್ಲಿ ಸಿಗುತ್ತವೆ, ನಾನು ಇಲ್ಲಿಗೇ ಬಿಡುತ್ತೇನೆ.

ಬಳ್ಳಾರಿಯವನಿಗೆ ಒಂದು ಅನುಕೂಲ ಇದೆ, ರೈಲು. ತೋರಣಗಲ್ಲು, ಹೊಸಪೇಟೆ, ಮುನಿರಾಬಾದ್, ಕೊಪ್ಪಳ, ಗದಗ, ಅಣ್ಣಿಗೇರಿ, ಹುಬ್ಬಳ್ಳಿ. ಇದೇ ಹಳಿಯ ಮೇಲೆ ಹಿಂದೂಸ್ತಾನಿ ಸಂಗೀತದ ಅರ್ಧ ಕರ್ನಾಟಕ ಕೂತಿದೆ ಅಂದರೆ ಉತ್ಪ್ರೇಕ್ಷೆ ಅಲ್ಲ. ಗದಗಿನಲ್ಲಿ ಇಳಿದರೆ ಆಶ್ರಮ. ಹುಬ್ಬಳ್ಳಿಯಿಂದ ಒಂದು ಬಸ್ಸು ಹಿಡಿದರೆ ಸವಾಯಿ ಗಂಧರ್ವರ ಕುಂದಗೋಳ, ಇನ್ನೊಂದು ಬಸ್ಸಿಗೆ ಧಾರವಾಡ. ಶನಿವಾರ ಮಧ್ಯಾಹ್ನ ಕಾರ್ಖಾನೆಯಿಂದ ಹೊರಬಿದ್ದು, ಕೈಗೆ ಅಂಟಿದ ನೀಲಿ ತೊಳೆದುಕೊಳ್ಳಲೂ ಹೊತ್ತಿಲ್ಲದೆ ಗಾಡಿ ಹತ್ತಿದ್ದುಂಟು. ಡೆನಿಮ್‌ನ ಬಣ್ಣ ಸುಲಭಕ್ಕೆ ಹೋಗುವುದಿಲ್ಲ. ಬೈಠಕ್‌ನಲ್ಲಿ ಪಕ್ಕದವರು ನನ್ನ ಉಗುರು ನೋಡಿ "ಪೇಂಟರ್ ಏನ್ರೀ?" ಅಂತ ಕೇಳುತ್ತಿದ್ದರು.

ಮೊದಲ ಕೆಲವು ವರ್ಷ ನಾನು ಕೇಳಿದ್ದು ಕೇಳುವಿಕೆಯೇ ಅಲ್ಲ. ದನಿಗೆ ಮರುಳಾಗಿದ್ದೆ, ಅಷ್ಟೇ. ಆ ದನಿ ಮೇಲಿನ ಷಡ್ಜಕ್ಕೆ, ಅಂದರೆ ಮೇಲಿನ ಸ ಸ್ವರಕ್ಕೆ, ಹೋಗಿ ನಿಂತಾಗ ಮೈ ಜುಮ್ ಅನ್ನುತ್ತಿತ್ತು, ಚಪ್ಪಾಳೆ ತಟ್ಟುತ್ತಿದ್ದೆ. ಕೇಳುವುದನ್ನು ಕಲಿಸಿದವರು ಕೊಪ್ಪಳದ ಒಬ್ಬ ಹಿರಿಯರು. ನೌಕರಿಯಿಂದ ನಿವೃತ್ತರಾದವರು, ನನಗಿಂತ ಇಪ್ಪತ್ತೈದು ವರ್ಷ ದೊಡ್ಡವರು. ನನ್ನ ಡಬ್ಬಿಗೇ ಕೊಪ್ಪಳದಲ್ಲಿ ಹತ್ತಿದರು, ಕೈಯಲ್ಲಿ ರೊಟ್ಟಿಬುತ್ತಿಯ ಗಂಟು. ಇಬ್ಬರೂ ಒಂದೇ ಕಛೇರಿಗೆ ಹೊರಟಿದ್ದೇವೆ ಅಂತ ಅಣ್ಣಿಗೇರಿ ದಾಟುವುದರೊಳಗೆ ಗೊತ್ತಾಯಿತು. ಅವತ್ತಿನಿಂದ ಅವರು ನನಗೆ ಕಾಕಾ.

ಅವತ್ತು ಸಂಜೆ ನಾವು ಮುಂದಿನ ಸಾಲಿನಲ್ಲಿ ಕೂತಿದ್ದೆವು. ವೇದಿಕೆಯ ಮೇಲೆ ತಂಬೂರಿ ಶ್ರುತಿ ಮಾಡುತ್ತಿದ್ದರು. ನಾನು ಸುತ್ತಲೂ ಯಾರ್‍ಯಾರು ಬಂದಿದ್ದಾರೆ ಅಂತ ನೋಡುತ್ತಿದ್ದೆ. ಕಾಕಾ ನನ್ನ ಮೊಣಕೈ ಹಿಡಿದು ಹೇಳಿದರು:

"ತಮ್ಮಾ, ಮೊದ್ಲ ತಂಬೂರಿ ಕೇಳು. ಮೊದಲನೇ ತಂತಿ ಏನೈತಿ ನೋಡು. ಪಂಚಮ ಐತೋ, ಮಧ್ಯಮ ಐತೋ, ನಿಷಾದ ಐತೋ. ರಾಗ ಅರ್ಧ ಅಲ್ಲೇ ಗೊತ್ತಾಗತೈತಿ."

ಇಲ್ಲಿರುವ ವಿದ್ಯಾರ್ಥಿಗಳಿಗೆ ಇದು ಗೊತ್ತಿದ್ದದ್ದೇ. ಗೊತ್ತಿಲ್ಲದವರಿಗಾಗಿ ಸ್ವಲ್ಪ ಬಿಡಿಸುತ್ತೇನೆ. ಸ ರಿ ಗ ಮ ಪ ದ ನಿ, ಇವೇ ಷಡ್ಜ, ರಿಷಭ, ಗಾಂಧಾರ, ಮಧ್ಯಮ, ಪಂಚಮ, ಧೈವತ, ನಿಷಾದ. ತಂಬೂರಿಗೆ ಸಾಮಾನ್ಯವಾಗಿ ನಾಲ್ಕು ತಂತಿ. ಕೊನೆಯದು ಮಂದ್ರದ, ಅಂದರೆ ಕೆಳಗಿನ, ಷಡ್ಜ, ನಡುವಿನ ಎರಡು ಮಧ್ಯ ಷಡ್ಜ, ಇವು ಬದಲಾಗುವುದಿಲ್ಲ. ಬದಲಾಗುವುದು ಮೊದಲನೆಯದು. ಹೆಚ್ಚಿನ ರಾಗಗಳಿಗೆ ಅದು ಪಂಚಮ. ಮಾಲಕಂಸದಲ್ಲಿ ಪಂಚಮವೇ ಇಲ್ಲ, ಹಾಗಾಗಿ ಆ ತಂತಿಯನ್ನು ಮಧ್ಯಮಕ್ಕೆ ಇಳಿಸುತ್ತಾರೆ. ಮಾರ್ವಾ, ಪೂರಿಯಾ, ಸೋಹನಿಯಂಥ ರಾಗಗಳಲ್ಲೂ ಪಂಚಮ ಇಲ್ಲ. ಅಲ್ಲಿ ಸಾಮಾನ್ಯವಾಗಿ ನಿಷಾದ ಮಿಡಿಯುತ್ತದೆ. ಗಾಯಕ ಬಾಯಿ ತೆರೆಯುವ ಮೊದಲೇ ಮನೆಯ ಬಾಗಿಲು ಯಾವ ದಿಕ್ಕಿಗೆ ಅನ್ನುವುದು ಕಿವಿಗೆ ಸಿಕ್ಕಿರುತ್ತದೆ. ಅವತ್ತು ನಾನು ಕಣ್ಣು ಮುಚ್ಚಿ ಆ ತಂತಿಯ ಹಿಂದೆ ಹೋದೆ. ನಿಷಾದ ಅನ್ನುವ ಹೆಸರು ನನಗೆ ಹೊಳೆಯಲಿಲ್ಲ. ಎಂದಿನ ನೆಮ್ಮದಿಯ ನಾದ ಇದಲ್ಲ, ಏನೋ ಒಂದು ಓಲುತ್ತಿದೆ ಅನ್ನಿಸಿತು. ಕಾಕಾ ಕಿವಿಯ ಹತ್ತಿರ ಬಂದು "ಸಂಜಿ ಹೊತ್ತು ಐತಿ. ಮಾರ್ವಾ ಬಂದ್ರೂ ಬಂತು" ಅಂದರು. ಮಾರ್ವಾವೇ ಬಂತು.

ಆ ರಾಗ ನನ್ನನ್ನು ಬಿಡಲಿಲ್ಲ. ಅದರಲ್ಲಿ ಆರೇ ಸ್ವರ. ರಿಷಭ ಕೋಮಲ, ಅಂದರೆ ತುಸು ಇಳಿದದ್ದು; ಮಧ್ಯಮ ತೀವ್ರ, ಅಂದರೆ ತುಸು ಏರಿದದ್ದು; ಉಳಿದವು ಶುದ್ಧ. ಪೂರಿಯಾಕ್ಕೂ ಇವೇ ಆರು, ಸೋಹನಿಗೂ ಇವೇ ಆರು. ಹಾಗಾದರೆ ಬೇರೆ ಹೇಗೆ ಅಂತ ನಾನು ಬಹಳ ದಿನ ತಲೆ ಕೆಡಿಸಿಕೊಂಡಿದ್ದೆ. ಕೊನೆಗೆ ಉತ್ತರ ಸಿಕ್ಕಿದ್ದು ಕಟಿಂಗ್ ಟೇಬಲ್ ಮೇಲೆ. ಒಂದೇ ಥಾನಿನ ಬಟ್ಟೆಯಿಂದ ಪ್ಯಾಂಟೂ ಕತ್ತರಿಸುತ್ತೇವೆ, ಜಾಕೆಟ್ಟೂ ಕತ್ತರಿಸುತ್ತೇವೆ. ಬಟ್ಟೆ ಅದೇ, ಕತ್ತರಿ ನಡೆಯುವ ದಾರಿ ಬೇರೆ. ಪೂರಿಯಾ ಗಾಂಧಾರ, ನಿಷಾದಗಳ ಮೇಲೆ ಕೂರುತ್ತದೆ. ಸೋಹನಿ ಮೇಲಿನ ಷಡ್ಜದ ಸುತ್ತ ಹಾರಾಡುತ್ತದೆ. ಮಾರ್ವಾ ರಿಷಭ, ಧೈವತಗಳನ್ನು ಹಿಡಿದುಕೊಂಡು ಷಡ್ಜದಿಂದ ತಪ್ಪಿಸಿಕೊಂಡೇ ಓಡಾಡುತ್ತದೆ. ತಂಬೂರಿ ಬಿಡದೆ ಷಡ್ಜ ಕೊಡುತ್ತಿದೆ, ಗಾಯಕ ಅದರ ಮನೆ ಮುಂದೆ ಹತ್ತು ಸಲ ಹಾದು ಹೋದರೂ ಒಳಗೆ ಬರುತ್ತಿಲ್ಲ. ಕೇಳುವವನಿಗೆ ತಡೆಯಲಾರದ ಸಂಕಟ. ಎಷ್ಟೋ ಹೊತ್ತಿನ ಮೇಲೆ ಒಮ್ಮೆ ಷಡ್ಜಕ್ಕೆ ಬಂದು ನಿಂತರಲ್ಲ, ಸಭೆಯಲ್ಲಿ ನೂರು ಜನ ಒಟ್ಟಿಗೆ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಮುಂದೆ ಮೊಬೈಲ್ ಬಂತು. ನಾನೂ ಎಲ್ಲರ ಹಾಗೆ ಕೈ ಎತ್ತಿ ರೆಕಾರ್ಡ್ ಮಾಡತೊಡಗಿದೆ. ಧಾರವಾಡದಲ್ಲಿ ಹಾಡಿದ ಒಂದು ಮಾರ್ವಾವನ್ನು ತಿಂಗಳುಗಟ್ಟಲೆ ಕೇಳಿದೆ. ಮಿಷನ್ ಓಡುವಾಗ ಕಿವಿಯಲ್ಲಿ ಅದೇ, ರಾತ್ರಿ ಅದೇ. ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಎಲ್ಲಿ ತಬಲಾದವರು ಸಮ್ ಮೇಲೆ, ಅಂದರೆ ತಾಳದ ಮೊದಲ ಪೆಟ್ಟಿನ ಮೇಲೆ, ತಲೆ ಹಾಕುತ್ತಾರೆ, ಎಲ್ಲ ಬಾಯಿಪಾಠ. ಮುಂದಿನ ಸಲ ಹುಬ್ಬಳ್ಳಿಯಲ್ಲಿ ಅದೇ ರಾಗ ಬಂದಾಗ ನಾನು ಆ ಜಾಗಕ್ಕೆ ಕಾಯುತ್ತಾ ಕೂತೆ. ಧೈವತದಿಂದ ರಿಷಭಕ್ಕೆ ಒಂದೇ ಎಳೆಯಲ್ಲಿ ಇಳಿಯುವ ಜಾಗ. ಬರಲಿಲ್ಲ. ಅವರು ಬೇರೆ ದಾರಿಯಲ್ಲಿ ಹೋದರು. ನನಗೆ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಕಛೇರಿ ಮುಗಿದ ಮೇಲೆ ಚಹಾದ ಅಂಗಡಿ ಮುಂದೆ ಕಾಕಾಗೆ "ಇವತ್ತು ಅಷ್ಟು ಕೂಡಲಿಲ್ಲ" ಅಂದೆ. ಅವರು ನನ್ನ ಮುಖ ನೋಡಿ, "ನೀ ಇವತ್ತ ಇಲ್ಲಿಗೆ ಬಂದಿದ್ದೇ ಇಲ್ಲಲ್ಲೋ. ಧಾರವಾಡದಾಗ ಕುಂತಿದ್ದಿ" ಅಂದರು.

ನಿಜ. ಎರಡು ತಾಸು ನನ್ನೆದುರು ಹೊಸದೊಂದು ಕಟ್ಟುತ್ತಿದ್ದರು, ನಾನು ಹಳೆಯದರ ಅಳತೆ ಪಟ್ಟಿ ಹಿಡಿದು ಕೂತಿದ್ದೆ. ಆ ರಾತ್ರಿ ರೈಲಿನಲ್ಲಿ ನಿದ್ದೆ ಬರಲಿಲ್ಲ. ಅವತ್ತಿನಿಂದ ರೆಕಾರ್ಡ್ ಮಾಡುವುದು ಬಿಟ್ಟೆ. ಮಾಡುವವರನ್ನು ನಾನು ಬೈಯುವುದಿಲ್ಲ, ದೂರದ ಊರಿನಲ್ಲಿ ಇರುವವರಿಗೆ ಅದೇ ಆಧಾರ. ನನಗೆ ಮಾತ್ರ ಅದು ಅಡ್ಡ ಬಂತು. ಬದಲಿಗೆ ಒಂದು ನೋಟ್‌ಬುಕ್ ಇಟ್ಟೆ. ಊರು, ರಾಗ, ತಂಬೂರಿಯ ಮೊದಲ ತಂತಿ, ನಿಧಾನದ ವಿಲಂಬಿತ ಎಷ್ಟು ಹೊತ್ತು, ವೇಗದ ದ್ರುತ್ ಎಷ್ಟು ಹೊತ್ತು. ಒಬ್ಬರೇ ಗಾಯಕರನ್ನು ಹಿಂಬಾಲಿಸಿದರೆ ಬೇಸರ ಬರುವುದಿಲ್ಲವೇ ಅಂತ ನನ್ನ ಕಾರ್ಖಾನೆಯ ಹುಡುಗರು ಕೇಳುತ್ತಾರೆ. ಆ ನೋಟ್‌ಬುಕ್ಕಿನಲ್ಲಿ ಶುದ್ಧ ಕಲ್ಯಾಣ ಅಂತ ಎಷ್ಟು ಸಲ ಬರೆದಿದ್ದೇನೋ, ಅಷ್ಟೂ ಸಲ ಬೇರೆ ಬೇರೆ ಶುದ್ಧ ಕಲ್ಯಾಣ.

ಒಂದು ಸಂಕಟವನ್ನೂ ಹೇಳಬೇಕು. ಒಂದು ಊರಿನ ಜಾತ್ರೆ, ಹೆಸರು ಬೇಡ. ಸಂಜೆ ಆರಕ್ಕೆ ಗಾಯನ ಅಂತ ಕರಪತ್ರದಲ್ಲಿತ್ತು. ಸ್ವಾಗತ, ಪ್ರಾಸ್ತಾವಿಕ, ದಾನಿಗಳಿಗೆ ಶಾಲು, ದಾನಿಗಳ ಮಕ್ಕಳಿಗೆ ಶಾಲು, ಭಾಷಣದ ಮೇಲೆ ಭಾಷಣ. ಗಾಯಕರು ವೇದಿಕೆಯ ಪಕ್ಕದಲ್ಲಿ ಸುಮ್ಮನೆ ಕೂತಿದ್ದರು. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಹಾಕುವಂತಿಲ್ಲ ಅನ್ನುವ ನಿಯಮ 2000ದಿಂದಲೂ ಇದೆ, ಸಂಘಟಕರಿಗೆ ಅದು ನೆನಪಾದದ್ದು ಒಂಬತ್ತು ಇಪ್ಪತ್ತಕ್ಕೆ. ನಲವತ್ತು ನಿಮಿಷ ಹಾಡಿಸಿದರು. ಅದರಲ್ಲೂ ಇಪ್ಪತ್ತನೇ ನಿಮಿಷಕ್ಕೆ ಹಿಂದಿನಿಂದ ಕೂಗು: "ತೊರೆದು ಹಾಡ್ರೀ! ತೊರೆದು!"

ಕನಕದಾಸರ 'ತೊರೆದು ಜೀವಿಸಬಹುದೆ' ಅವರ ದನಿಯಲ್ಲಿ ಮನೆಮನೆ ಮುಟ್ಟಿದೆ. ನನಗೂ ಅದು ಪ್ರಾಣ. ತಾಯಿ ತಂದೆಯನ್ನು ಬಿಡಬಹುದು, ಬಂಧುಗಳನ್ನು ಬಿಡಬಹುದು, ರಾಜ್ಯ ಬಿಡಬಹುದು ಅಂತ ಒಂದೊಂದಾಗಿ ಕಳಚುತ್ತಾ ಹೋಗುವ ಆ ಪದವನ್ನು ಕೇಳಿ ನನ್ನ ಹೆಂಡತಿ ಗದಗಿನಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ನನ್ನ ತಿರುಗಾಟಕ್ಕೆ ಅವಳು ಒಮ್ಮೆಯೂ ಬೇಡ ಅನ್ನಲಿಲ್ಲ, ಬುತ್ತಿ ತಾನೇ ಕಟ್ಟಿಕೊಟ್ಟಳು. ಆದರೆ ರಾಗ ಇನ್ನೂ ಅರ್ಧ ಎದ್ದಿರುವಾಗ ಆ ಪದಕ್ಕಾಗಿ ಕೂಗಬೇಡಿ ಅಂತ ನಾನು ಕೈಮುಗಿದು ಕೇಳುತ್ತೇನೆ. ಎರಡು ತಾಸಿನ ರಾಗದಲ್ಲಿ ಮಿಂದ ದನಿ ಕೊನೆಗೆ ದಾಸರ ಪದಕ್ಕೆ, ವಚನಕ್ಕೆ ಬಂದಾಗ ಆ ಕನ್ನಡದ ಅಕ್ಷರಗಳು ತೊಳೆದಿಟ್ಟ ಹಾಗೆ ಕೇಳಿಸುತ್ತವೆ. ವಿಜಯದಾಸರು, ಗೋಪಾಲದಾಸರು, ಜಗನ್ನಾಥದಾಸರು ನಡೆದಾಡಿದ ರಾಯಚೂರು ಸೀಮೆ ನಮ್ಮ ಪಕ್ಕದಲ್ಲೇ ಇದೆ. ಪದವನ್ನು ಹೇಗೆ ಕಾಯಬೇಕು ಅಂತ ನಮಗೆ ಬೇರೆಯವರು ಹೇಳಿಕೊಡಬೇಕೆ?

ಇಷ್ಟು ವರ್ಷದಲ್ಲಿ ನಾನು ಅವರನ್ನು ಮಾತಾಡಿಸಿಲ್ಲ. ಫೋಟೋ ತೆಗೆಸಿಕೊಂಡಿಲ್ಲ. ಕಛೇರಿ ಮುಗಿದಾಗ ವೇದಿಕೆಯ ಸುತ್ತ ಜನ ಮುತ್ತುತ್ತಾರೆ, ನಾನು ದೂರದಿಂದ ನಮಸ್ಕಾರ ಮಾಡಿ ಸ್ಟೇಶನ್ನಿಗೆ ಹೊರಡುತ್ತೇನೆ. ಏನು ಮಾತಾಡಲಿ? ಅವರು ಹೇಳಬೇಕಾದ್ದನ್ನೆಲ್ಲ ಹೇಳಿಯಾಗಿರುತ್ತದೆ.

ಈಗ ಕಾಕಾಗೆ ಮೊಣಕಾಲು ಸಾಗುವುದಿಲ್ಲ. ರೈಲಿನ ಮೆಟ್ಟಿಲು ಹತ್ತಲಾರರು. ನಾಲ್ಕು ವರ್ಷದಿಂದ ನಾನೊಬ್ಬನೇ ಹೋಗುತ್ತೇನೆ. ಆದರೆ ಮರಳುವ ಬೆಳಗಿನ ಗಾಡಿಯ ಹೊತ್ತಿಗೆ ಅವರು ಕೋಲೂರಿಕೊಂಡು ಕೊಪ್ಪಳ ಸ್ಟೇಶನ್ನಿಗೆ ಬಂದು ಬೆಂಚಿನ ಮೇಲೆ ಕೂತಿರುತ್ತಾರೆ. ಗಾಡಿ ಅಲ್ಲಿ ನಿಲ್ಲುವುದು ಎರಡು ನಿಮಿಷ. ಆ ಎರಡು ನಿಮಿಷದಲ್ಲಿ ನಾನು ಹಿಂದಿನ ರಾತ್ರಿಯನ್ನು ಅವರಿಗೆ ಒಪ್ಪಿಸಬೇಕು. ಚಲೋ ಇತ್ತು, ಭಾಳ ಚಲೋ ಇತ್ತು ಅಂದರೆ ಅವರು ಒಪ್ಪುವುದಿಲ್ಲ. ಮೊದಲ ತಂತಿ ಏನು? ಬಡಾ ಖ್ಯಾಲ್, ಆ ವಿಲಂಬಿತದ ಹಾಡು, ಯಾವ ತಾಳ? ಗಾಂಧಾರ ಎಲ್ಲಿ ಹಚ್ಚಿದರು? ಹೀಗಾಗಿ ಸಭೆಯಲ್ಲಿ ಕೂತಾಗಲೇ ಕಾಕಾಗೆ ಏನು ಹೇಳಲಿ ಅಂತ ನನ್ನ ಕಿವಿ ಹುಡುಕುತ್ತಿರುತ್ತದೆ. ನಾನು ಇವತ್ತು ಏನಾದರೂ ನೆಟ್ಟಗೆ ಕೇಳುತ್ತಿದ್ದರೆ ಅದು ಆ ಎರಡು ನಿಮಿಷದಿಂದ.

ಹೋದ ಚಳಿಗಾಲದಲ್ಲಿ ಮತ್ತೆ ಮಾರ್ವಾ ಸಿಕ್ಕಿತು, ಬಹಳ ವರ್ಷಗಳ ಮೇಲೆ. ಬೆಳಿಗ್ಗೆ ಕೊಪ್ಪಳ ಬಂದಾಗ ನಾನು ಬಾಗಿಲಲ್ಲೇ ನಿಂತಿದ್ದೆ. ಕಾಕಾ ಎದ್ದು ಬಂದರು. ನಿಷಾದ ಅಂದೆ. ಅವರ ಮುಖ ಅರಳಿತು.

"ಷಡ್ಜಕ್ಕ ಭಾಳ ಹೊತ್ತು ಬರಲೇ ಇಲ್ಲ ಕಾಕಾ" ಅಂದೆ.

"ಎಷ್ಟು ಹೊತ್ತು?"

ನೋಟ್‌ಬುಕ್ ತೆಗೆದೆ. ಊರು ಬರೆದಿದ್ದೆ, ರಾಗ ಬರೆದಿದ್ದೆ. ಮುಂದೆ ಪುಟ ಖಾಲಿ. ಗಡಿಯಾರ ನೋಡಿದ್ದೇ ನೆನಪಿಲ್ಲ. ಗಾಡಿ ಕದಲಿತು. "ಬರಕೊಂಡಿಲ್ಲ ಕಾಕಾ" ಅಂದೆ.

ಅವರು ಕೋಲನ್ನು ಇನ್ನೊಂದು ಕೈಗೆ ಬದಲಿಸಿ, ರೊಟ್ಟಿಯ ಗಂಟನ್ನು ನನ್ನ ಕೈಗೆ ತುರುಕಿದರು.

"ಹಂಗಾದ್ರ ಕೇಳೀದಿ ಬಿಡು" ಅಂದರು.