ಸಂಬಳ ತಡವಾದಾಗ: ಗುತ್ತಿಗೆ ಕೆಲಸಗಾರರ ಜೊತೆ ಒಂದಿಷ್ಟು ಮಾತು

ಕೇಳುಗರೇ, ನಮಸ್ಕಾರ.

ಇವತ್ತು ನಾನು ಗುತ್ತಿಗೆ ಮೇಲೆ ದುಡಿಯುವವರ ಜೊತೆ ಮಾತಾಡಬೇಕು ಅಂತ ಬಂದಿದ್ದೇನೆ. ಏಜೆನ್ಸಿ ಮೂಲಕ ಸೇರಿದವರು, ಕಾಂಟ್ರಾಕ್ಟರ್ ಕೈಕೆಳಗೆ ಇರುವವರು, ಪ್ರಾಜೆಕ್ಟ್ ಮುಗಿಯುವ ತನಕ ಅಂತ ಸೇರಿದವರು, ಒಂದೊಂದು ಕೆಲಸಕ್ಕೆ ಬಿಲ್ ಹಾಕಿ ಬದುಕುವವರು. ನಿಮ್ಮ ಕೆಲಸಗಳು ಬೇರೆ ಬೇರೆ, ಕಷ್ಟ ಮಾತ್ರ ಒಂದೇ. ಕೆಲಸ ಮುಗಿದಿರುತ್ತದೆ, ದುಡ್ಡು ಬಂದಿರುವುದಿಲ್ಲ.

ನಾನೂ ಬಹಳ ವರ್ಷ ಹೀಗೆ ದುಡಿದವನು. ಬ್ಯಾಂಕಿನ ಮೆಸೇಜ್ ಬಂತಾ ಅಂತ ಮತ್ತೆ ಮತ್ತೆ ಫೋನ್ ನೋಡುವುದು, ಜೊತೆಯವರನ್ನು 'ನಿಂಗೆ ಆಯ್ತಾ?' ಅಂತ ಕೇಳುವುದು, ಯಾರಿಗೂ ಆಗಿಲ್ಲ ಅಂತ ಗೊತ್ತಾದ ಮೇಲೆ ಒಂಥರಾ ಸಮಾಧಾನ ಆಗುವುದು. ಇದೆಲ್ಲ ನನಗೆ ಚೆನ್ನಾಗಿ ಗೊತ್ತು.

ಮೊದಲು ಲೆಕ್ಕ ಯಾರ ಕಡೆ ಇದೆ ಅಂತ ನೋಡೋಣ. ಒಂದು ತಿಂಗಳು ಕೆಲಸ ಮಾಡಿದ್ದೀರಿ. ಆಮೇಲೆ ಇನ್ನೊಂದು ತಿಂಗಳು ಕಾದಿದ್ದೀರಿ. ಈ ಎರಡು ತಿಂಗಳು ನಿಮ್ಮ ದುಡ್ಡು ಕಾಂಟ್ರಾಕ್ಟರ್ ವ್ಯವಹಾರದಲ್ಲಿ ಓಡಾಡುತ್ತಿದೆ, ಅದೂ ಬಡ್ಡಿ ಇಲ್ಲದೆ. ಅಂದರೆ ಇಲ್ಲಿ ಸಾಲ ಕೊಟ್ಟವರು ನೀವು. ಆದರೂ ತಲೆ ತಗ್ಗಿಸಿಕೊಂಡು ನಿಲ್ಲುವವರೂ ನೀವೇ. ಬಾಡಿಗೆ ಕೇಳಲು ಬಂದವರ ಮುಂದೆ, ಕಂತು ಕೇಳುವವರ ಮುಂದೆ, ಕೊನೆಗೆ ಸಂಬಳ ಕೊಡಬೇಕಾದವರ ಮುಂದೆಯೂ. ಈ ನಾಚಿಕೆ ಬಿಡಬೇಕು ಅಂತ ಹೇಳುವುದು ಸುಲಭ, ಬಿಡುವುದು ಕಷ್ಟ. ಆದರೆ ಬಾಕಿ ಕೇಳುವಾಗ ಬೇಡುವ ದನಿ ಹೋಗಿ ವಿಚಾರಿಸುವ ದನಿ ಬಂದರೆ, ಸಿಗುವ ಉತ್ತರವೂ ಬದಲಾಗುತ್ತದೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಹೆಣ್ಣುಮಗಳು ಒಂದು ಏಜೆನ್ಸಿ ಮೂಲಕ ಡೇಟಾ ಎಂಟ್ರಿಗೆ ಸೇರಿದ್ದಳು. ಸಂಬಳ ನಿಂತುಹೋಗಿತ್ತು. ಎರಡು ದಿನಕ್ಕೊಮ್ಮೆ ಸೂಪರ್‌ವೈಸರ್‌ಗೆ ಫೋನ್ ಮಾಡುತ್ತಿದ್ದಳು. 'ಸಾರ್, ಸಂಬಳ ಯಾವಾಗ ಆಗುತ್ತೆ?' ಆ ಕಡೆಯಿಂದ, 'ಆಗುತ್ತಮ್ಮಾ, ಮೇಲಿಂದ ಬಿಲ್ ಪಾಸಾಗಬೇಕು.' ಇಷ್ಟೇ ಮಾತು, ಪ್ರತಿ ಸಲವೂ. ಒಂದು ದಿನ ನಾವೆಲ್ಲ ಕೂತು ಪ್ರಶ್ನೆ ಬದಲಾಯಿಸಿದೆವು. 'ಸಾರ್, ಬಿಲ್ ಈಗ ಯಾರ ಟೇಬಲ್ ಮೇಲಿದೆ?' ಅಂತ ಕೇಳಿದಳು. ಅವರು ತಡವರಿಸಿ, ವಿಚಾರಿಸಿ ಹೇಳುತ್ತೇನೆ ಅಂದರು. ಮಾರನೇ ದಿನ ಗೊತ್ತಾಯಿತು, ಬಿಲ್ ಹೊರಟೇ ಇರಲಿಲ್ಲ. ಹಾಜರಿ ಪಟ್ಟಿಗೆ ಸಹಿ ಹಾಕಬೇಕಾದ ಅಧಿಕಾರಿ ರಜೆ ಮೇಲಿದ್ದರು. ಅವರ ಬದಲಿಗೆ ಯಾರು ಸಹಿ ಹಾಕಬೇಕು ಅಂತ ಯಾರೂ ಯೋಚಿಸಿರಲಿಲ್ಲ. ಆ ಒಂದು ಸಹಿಗೋಸ್ಕರ ಅಷ್ಟೂ ಜನರ ಸಂಬಳ ನಿಂತಿತ್ತು.

ಗುತ್ತಿಗೆ ಕೆಲಸದಲ್ಲಿ ಹಣ ಬರುವ ದಾರಿ ಉದ್ದ. ಮೊದಲು ಹಾಜರಿ ಪಟ್ಟಿ. ಅದಕ್ಕೆ ಕೆಲಸ ಮಾಡಿಸಿದವರ ಸಹಿ. ಅದರ ಮೇಲೆ ಏಜೆನ್ಸಿಯ ಬಿಲ್. ಆಮೇಲೆ ಅಕೌಂಟ್ಸ್ ವಿಭಾಗ, ಅಲ್ಲಿ ಒಂದು ತಕರಾರು, ಅದಕ್ಕೆ ಉತ್ತರ. ಬಿಲ್ ಪಾಸಾಗಿ ಹಣ ಏಜೆನ್ಸಿಗೆ ಬಂದ ಮೇಲೆ ಅಲ್ಲಿಂದ ನಿಮ್ಮ ಖಾತೆಗೆ. ಎಲ್ಲಿ ಬೇಕಾದರೂ ಸಿಕ್ಕಿಹಾಕಿಕೊಳ್ಳಬಹುದು. ಕೆಲವು ಸಲ ಹಣ ಏಜೆನ್ಸಿಗೆ ಬಂದಿರುತ್ತದೆ, ಅಲ್ಲೇ ಉಳಿದಿರುತ್ತದೆ. ಅದಕ್ಕೇ ಯಾವಾಗ ಅಂತ ಕೇಳುವುದಕ್ಕಿಂತ ಎಲ್ಲಿದೆ ಅಂತ ಕೇಳಿ. ಯಾವಾಗ ಅಂದರೆ 'ಇನ್ನೆರಡು ದಿನ' ಅಂತ ಹೇಳಿ ಸಾಗಹಾಕಬಹುದು. ಎಲ್ಲಿದೆ ಅಂದರೆ ಯಾರಾದರೂ ಎದ್ದು ಹೋಗಿ ನೋಡಲೇಬೇಕು, ಅಲ್ವಾ?

ಫೋನಿನಲ್ಲಿ ಮಾತಾಡಿದ ಮೇಲೆ ಅದನ್ನೇ ಬರವಣಿಗೆಯಲ್ಲೂ ಕಳಿಸಿ. ಇ-ಮೇಲ್ ಆಗಬಹುದು, ಮೆಸೇಜ್ ಆಗಬಹುದು. ದೊಡ್ಡ ಪತ್ರ ಬೇಡ. ಹೀಗೆ ಬರೆದರೆ ಸಾಕು: 'ಮಾರ್ಚ್ 1ರಿಂದ 31ರವರೆಗಿನ ಸಂಬಳ ಏಪ್ರಿಲ್ 7ಕ್ಕೆ ಬರಬೇಕಿತ್ತು. ಇವತ್ತು ಏಪ್ರಿಲ್ 20, ಇನ್ನೂ ಬಂದಿಲ್ಲ. ಬಿಲ್ ಈಗ ಯಾರ ಹತ್ತಿರ ಇದೆ, ಹಣ ಯಾವ ತಾರೀಖಿಗೆ ಬರುತ್ತದೆ ಅಂತ ದಯವಿಟ್ಟು ಶುಕ್ರವಾರದೊಳಗೆ ತಿಳಿಸಿ.' ಇದರಲ್ಲಿ ಮನೆಯ ಕಷ್ಟ ಬರೆಯಬೇಡಿ. ಮಗುವಿಗೆ ಹುಷಾರಿಲ್ಲ, ಬಾಡಿಗೆ ಕಟ್ಟಿಲ್ಲ ಅಂತ ಬರೆದ ಕೂಡಲೇ ನಿಮ್ಮ ಹಕ್ಕು ಅವರ ಕನಿಕರದ ಮೇಲೆ ನಿಲ್ಲುತ್ತದೆ. ಕಷ್ಟ ಇರಲಿ, ಇಲ್ಲದಿರಲಿ, ದುಡಿದ ದುಡ್ಡು ಕೊಡಲೇಬೇಕು. ಬೈಗುಳವೂ ಬೇಡ. ನಿಮ್ಮ ಸೂಪರ್‌ವೈಸರ್ ಕೂಡ ಬಹಳ ಸಲ ಗುತ್ತಿಗೆ ಮೇಲೆಯೇ ಇರುತ್ತಾರೆ. ಅವರಿಗೂ ಸಂಬಳ ಆಗಿರುವುದಿಲ್ಲ.

ಸಂಬಳ ಆಗದಿದ್ದವರೆಲ್ಲ ಸೇರಿ ಒಂದೇ ಪತ್ರ ಬರೆದರೆ ಇನ್ನೂ ಒಳ್ಳೆಯದು. ಒಬ್ಬರೇ ಕೇಳಿದರೆ 'ನಿಮ್ಮದೇ ಏನೋ ತೊಂದರೆ ಇರಬೇಕು' ಅಂತಾರೆ. ಹತ್ತು ಸಹಿ ಇರುವ ಕಾಗದಕ್ಕೆ ಹಾಗೆ ಹೇಳಲು ಆಗುವುದಿಲ್ಲ. ಒಬ್ಬರನ್ನು ಗುರುತು ಹಿಡಿದು ತೆಗೆದುಹಾಕುವುದೂ ಅಷ್ಟು ಸುಲಭ ಅಲ್ಲ.

'ನಮಗೇ ಹಣ ಬಂದಿಲ್ಲ, ನಿಮಗೆ ಎಲ್ಲಿಂದ ಕೊಡಲಿ?' ಇದು ಎಲ್ಲರೂ ಕೇಳಿರುವ ಮಾತು. ಕೇಳಿದರೆ ನ್ಯಾಯ ಅನಿಸುತ್ತದೆ. ಆದರೆ ಜಗತ್ತಿನ ಎಷ್ಟೋ ಕಡೆ ಕಾನೂನು ಇದನ್ನು ಒಪ್ಪಿಲ್ಲ. ಬ್ರಿಟನ್ನಿನಲ್ಲಿ ಕಟ್ಟಡ ಕೆಲಸಕ್ಕೆ ಸಂಬಂಧಪಟ್ಟ 1996ರ ಕಾಯ್ದೆ, 'ನನಗೆ ಬಂದರೆ ನಿನಗೆ ಕೊಡುತ್ತೇನೆ' ಅನ್ನುವ ಷರತ್ತು ನಡೆಯುವುದಿಲ್ಲ ಅಂತ ಹೇಳಿತು. ಮೇಲಿನವರು ದಿವಾಳಿಯಾದ ಸಂದರ್ಭ ಮಾತ್ರ ಅದಕ್ಕೆ ಹೊರತು. ಭಾರತದಲ್ಲಿ 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ ಇನ್ನೊಂದು ದಾರಿ ಹಿಡಿಯಿತು. ಕಾಂಟ್ರಾಕ್ಟರ್ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮೂಲ ಮಾಲೀಕರೇ ಕೊಡಬೇಕು, ಆಮೇಲೆ ಅದನ್ನು ಕಾಂಟ್ರಾಕ್ಟರ್‌ನಿಂದ ವಸೂಲಿ ಮಾಡಿಕೊಳ್ಳಬೇಕು ಅಂತ ಅದು ಬರೆದಿಟ್ಟಿತು. ನ್ಯೂಯಾರ್ಕ್ ನಗರದಲ್ಲಿ 2017ರಲ್ಲಿ ಜಾರಿಗೆ ಬಂದ ಕಾನೂನಿನ ಪ್ರಕಾರ, ಒಪ್ಪಂದದಲ್ಲಿ ಬೇರೆ ತಾರೀಖು ಇಲ್ಲದಿದ್ದರೆ ಸ್ವತಂತ್ರವಾಗಿ ದುಡಿಯುವವರಿಗೆ ಕೆಲಸ ಮುಗಿದ 30 ದಿನದೊಳಗೆ ಹಣ ಕೊಡಬೇಕು.

ಇವೆಲ್ಲಕ್ಕಿಂತ ಹಳೆಯ ತೀರ್ಮಾನವೂ ಒಂದಿದೆ. 1949ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಕೂಲಿಯ ರಕ್ಷಣೆಗೆ ಅಂತಲೇ ಒಂದು ಒಪ್ಪಂದ ಮಾಡಿತು, ಅದರ ಸಂಖ್ಯೆ 95. ಕೂಲಿಯನ್ನು ತಪ್ಪದೆ ಹೊತ್ತುಹೊತ್ತಿಗೆ ಕೊಡಬೇಕು ಅಂತ ಅದು ಹೇಳುತ್ತದೆ. ಮನಬಂದಂತೆ ಹಿಡಿದುಕೊಳ್ಳುವ ಹಾಗಿಲ್ಲ. ಕೆಲಸ ಬಿಟ್ಟಾಗ ಬಾಕಿ ಎಲ್ಲ ಚುಕ್ತಾ ಮಾಡಬೇಕು. ಕಂಪನಿ ಮುಳುಗಿದರೆ ಕೆಲಸಗಾರರ ಬಾಕಿಗೆ ವಿಶೇಷ ಆದ್ಯತೆ ಇರಬೇಕು. ಅದೇ ವರ್ಷ ಬಂದ 94ನೇ ಒಪ್ಪಂದ ಸರ್ಕಾರಿ ಗುತ್ತಿಗೆಗಳಿಗೆ ಸಂಬಂಧಪಟ್ಟದ್ದು. ಕಾಂಟ್ರಾಕ್ಟರ್‌ಗೆ ಕೊಡಬೇಕಾದ ಹಣ ತಡೆಹಿಡಿದಾದರೂ ಕೆಲಸಗಾರರಿಗೆ ಕೂಲಿ ಸಿಗುವಂತೆ ಮಾಡಬೇಕು ಅನ್ನುತ್ತದೆ. ಎಲ್ಲ ದೇಶಗಳೂ ಇವುಗಳಿಗೆ ಸಹಿ ಹಾಕಿಲ್ಲ. ಆದರೂ ನೀವು ಕೇಳುತ್ತಿರುವುದು ಅತಿಯಾಸೆ ಅಲ್ಲ ಅಂತ ಇದರಿಂದ ಗೊತ್ತಾಗುತ್ತದೆ. ಹತ್ತಿರದ ಕಾರ್ಮಿಕ ಕಚೇರಿಯಲ್ಲೋ ಯೂನಿಯನ್ನಿನಲ್ಲೋ ವಿಚಾರಿಸಿದರೆ ನಿಮ್ಮ ಕೆಲಸಕ್ಕೆ ಯಾವ ನಿಯಮ ಅಂತ ಹೇಳುತ್ತಾರೆ.

ಅಲ್ಲಿಗೆ ಬರಿಗೈಯಲ್ಲಿ ಹೋಗಬೇಡಿ. ಆರ್ಡರ್ ಕಾಪಿ, ಗುರುತಿನ ಚೀಟಿ, ಹಾಜರಿಯ ಫೋಟೋ, ಹಿಂದಿನ ಸಂಬಳ ಜಮಾ ಆದ ಬ್ಯಾಂಕ್ ಪುಟ, ಕಳಿಸಿದ ಮೆಸೇಜುಗಳು, ಎಲ್ಲ ಒಂದು ಕಡೆ ಇಟ್ಟುಕೊಳ್ಳಿ. ಹಾಜರಿಯನ್ನು ಬೇರೆಯವರು ಬರೆಯುತ್ತಾರೆ ಅಂತ ಬಿಡಬೇಡಿ. ದಿನಾ ಬಂದ ಹೊತ್ತು, ಹೋದ ಹೊತ್ತು ನಿಮ್ಮದೇ ಪುಸ್ತಕದಲ್ಲಿ ಗುರುತು ಹಾಕಿ. ಇನ್ನೊಂದು ವಿಷಯ ಇದೆ. ಇದರಲ್ಲಿ ನಾನು ಸ್ವಲ್ಪವೂ ಸಡಿಲ ಬಿಡುವುದಿಲ್ಲ. ಕೈಗೆ ಬಾರದ ದುಡ್ಡಿಗೆ ಸಹಿ ಹಾಕಬೇಡಿ. 'ಸುಮ್ನೆ ಸಹಿ ಹಾಕಿ, ಬಿಲ್ ಮುಂದಕ್ಕೆ ಹೋಗಲಿ, ಹಣ ಆಮೇಲೆ ಬರುತ್ತೆ' ಅಂತಾರೆ. ಆ ಸಹಿ ಬಿದ್ದ ಮೇಲೆ, ದುಡ್ಡು ಬಂದೇ ಇಲ್ಲ ಅಂತ ತೋರಿಸಿಕೊಡುವ ಹೊರೆ ನಿಮ್ಮ ತಲೆ ಮೇಲೆ ಬೀಳುತ್ತದೆ. ಅರ್ಧ ಹಣ ಕೊಟ್ಟರೆ ತೆಗೆದುಕೊಳ್ಳಿ. ಆದರೆ ಇದು ಯಾವ ತಿಂಗಳ ಬಾಬ್ತು, ಇನ್ನೆಷ್ಟು ಬಾಕಿ ಅಂತ ಅವತ್ತೇ ಒಂದು ಮೆಸೇಜ್ ಹಾಕಿ.

ಈಗ ಮನೆಯ ಕಡೆ ಬರೋಣ. ಬಾಕಿ ಬರುವ ತನಕ ಬದುಕಬೇಕಲ್ಲ.

ತಾರೀಖು ದಾಟಿದ ಮೊದಲ ವಾರವೇ ಒಂದು ಸಂಜೆ ಮನೆಯವರ ಜೊತೆ ಕೂತುಕೊಳ್ಳಿ. ಸಂಬಳ ಬಂದಿಲ್ಲ ಅಂತ ಬಾಯಿ ಬಿಟ್ಟು ಹೇಳಿ. ಮುಚ್ಚಿಟ್ಟರೆ ಮನೆ ಖರ್ಚು ಹಳೆಯ ಲೆಕ್ಕದಲ್ಲೇ ನಡೆಯುತ್ತದೆ, ನೀವು ಒಬ್ಬರೇ ಕತ್ತಲಲ್ಲಿ ಕೈಸಾಲ ಹುಡುಕುತ್ತಿರುತ್ತೀರಿ. ಕೈಯಲ್ಲಿ ಎಷ್ಟಿದೆ ಅಂತ ಬರೆಯಿರಿ. ಮೊದಲು ಊಟ, ಔಷಧಿ, ಇರುವ ಮನೆ, ಕೆಲಸಕ್ಕೆ ಓಡಾಡುವ ಖರ್ಚು. ಹೌದು, ಓಡಾಟದ ಖರ್ಚು ಮೊದಲ ಸಾಲಿನಲ್ಲೇ ಇರಲಿ. ಕೆಲಸಕ್ಕೆ ಹೋಗಲಾಗದಿದ್ದರೆ ಗೈರುಹಾಜರಿ ಅಂತ ಆ ದಿನದ ಸಂಬಳವನ್ನೂ ಹಿಡಿಯುತ್ತಾರೆ. ಯಾರು ಜೋರಾಗಿ ಕೇಳುತ್ತಾರೋ ಅವರಿಗೆ ಮೊದಲು ಕೊಡುವುದು ನಮ್ಮೆಲ್ಲರ ಅಭ್ಯಾಸ. ಜೋರಾಗಿ ಕೇಳುವವರ ಬಾಕಿಯೇ ದೊಡ್ಡದು ಅಂತೇನಿಲ್ಲ. ಕೊಡದಿದ್ದರೆ ಏನು ಕೈತಪ್ಪುತ್ತದೆ ಅನ್ನುವುದನ್ನು ನೋಡಿ ಸಾಲು ಮಾಡಿ.

ಕೊಡಬೇಕಾದವರಿಗೆ ಅವರು ಕೇಳುವ ಮೊದಲೇ ಹೇಳಿ. ಬಾಡಿಗೆ ಐದನೇ ತಾರೀಖು ಅಂದರೆ ಮೂರಕ್ಕೇ ಹೋಗಿ ಮಾತಾಡಿ. ಆಗುವಷ್ಟು ಅವತ್ತೇ ಕೈಗೆ ಕೊಡಿ, ಸ್ವಲ್ಪವಾದರೂ ಸರಿ. ಕಂತು ಖಾತೆಯಿಂದ ತಾನಾಗಿ ಹೋಗುವಂತೆ ಇದ್ದರೆ ಇನ್ನೂ ಜಾಸ್ತಿ ಎಚ್ಚರ ಬೇಕು. ಖಾತೆ ಖಾಲಿ ಇದ್ದು ಕಂತು ವಾಪಸಾದರೆ ಬ್ಯಾಂಕೂ ದಂಡ ಹಾಕಬಹುದು, ಸಾಲ ಕೊಟ್ಟವರೂ ಹಾಕಬಹುದು. ತಾರೀಖಿಗೆ ಮುಂಚೆ ಕೇಳಿದರೆ ದಿನ ಮುಂದೂಡುವ ದಾರಿ ಕೆಲವು ಕಡೆ ಇರುತ್ತದೆ. ತಪ್ಪಿದ ಮೇಲೆ ಕೇಳಿದರೆ ಮಾತಿಗೆ ಬೆಲೆ ಕಮ್ಮಿ. ಮತ್ತೆ, 'ಸಂಬಳ ಬಂದ ಕೂಡಲೇ ಕೊಡ್ತೀನಿ' ಅಂತ ಹೇಳಬೇಡಿ. ಅದು ನಿಮ್ಮ ಕೈಯಲ್ಲಿಲ್ಲದ ಮಾತು. 'ಹದಿನೈದಕ್ಕೆ ಇಷ್ಟು ಕೊಡ್ತೀನಿ, ಉಳಿದದ್ದರ ಬಗ್ಗೆ ಅವತ್ತೇ ಹೇಳ್ತೀನಿ' ಅನ್ನಿ. ಚಿಕ್ಕ ಮಾತು ಕೊಟ್ಟು ಉಳಿಸಿಕೊಂಡರೆ ನಂಬಿಕೆ ಉಳಿಯುತ್ತದೆ.

ಸಾಲ ಮಾಡಲೇಬೇಕಾದರೆ ಲೆಕ್ಕ ಹಾಕಿ ಮಾಡಿ. ನೂರಕ್ಕೆ ವಾರಕ್ಕೆ ಐದು ಅಂದರೆ ಕಿವಿಗೆ ಚಿಕ್ಕದು. ವರ್ಷಕ್ಕೆ ಅದು 260 ಆಗುತ್ತದೆ. ತಿಂಗಳಿಗೆ ನೂರಕ್ಕೆ ಹತ್ತರಂತೆ ತಂದು, ಬಡ್ಡಿ ಕಟ್ಟದೆ ಅಸಲಿಗೆ ಸೇರಿಸುತ್ತಾ ಹೋದರೆ ಎಂಟು ತಿಂಗಳಲ್ಲಿ ಸಾಲ ಎರಡರಷ್ಟು ದಾಟುತ್ತದೆ. ಬಡ್ಡಿಯನ್ನು ಮೊದಲೇ ಹಿಡಿದು ನೂರಕ್ಕೆ ತೊಂಬತ್ತು ಕೈಗೆ ಕೊಟ್ಟರೆ, ನಿಮಗೆ ಸಿಕ್ಕ ಸಾಲ ತೊಂಬತ್ತೇ. ಹತ್ತು ಬಡ್ಡಿ ಆ ತೊಂಬತ್ತಕ್ಕೆ. ಫೋನಿನಲ್ಲಿ ಎರಡು ನಿಮಿಷದಲ್ಲಿ ಸಾಲ ಕೊಡುವ ಆ್ಯಪ್‌ಗಳು ನಿಮ್ಮ ಫೋನಿನಲ್ಲಿರುವ ನಂಬರುಗಳನ್ನೆಲ್ಲ ನೋಡಲು ಅನುಮತಿ ಕೇಳಿದರೆ ಅಲ್ಲೇ ನಿಲ್ಲಿಸಿ. ನಾಳೆ ನಿಮ್ಮ ಬಂಧುಗಳಿಗೆಲ್ಲ ಫೋನ್ ಹೋಗುತ್ತದೆ. ಅದಕ್ಕಿಂತ ನೀವೇ ಒಬ್ಬ ಬಂಧುವನ್ನು ಕೇಳುವುದು ಎಷ್ಟೋ ವಾಸಿ. ಕೇಳಿದಾಗ ಎಷ್ಟು, ಯಾವಾಗ ವಾಪಸು ಅಂತ ಇಬ್ಬರೂ ಬರೆದಿಟ್ಟುಕೊಳ್ಳಿ. ಸಾಲಕ್ಕಿಂತ ಸಂಬಂಧ ದೊಡ್ಡದು ಅನ್ನುವವರೇ ಬರೆದಿಡಬೇಕು.

ದುಡ್ಡಿಲ್ಲದ ದಿನಗಳಲ್ಲಿ ತಲೆ ಓಡುವುದಿಲ್ಲ ಅಂತ ನಿಮಗೆ ಅನಿಸಿದ್ದರೆ, ಅದು ನಿಮ್ಮ ದಡ್ಡತನ ಅಲ್ಲ. ತಮಿಳುನಾಡಿನ 464 ಕಬ್ಬು ಬೆಳೆಗಾರರ ಮೇಲೆ ನಡೆದ ಒಂದು ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಅದೇ ರೈತರಿಗೆ ಕಟಾವಿನ ಮುಂಚೆ ಒಮ್ಮೆ, ಕಟಾವಾದ ಮೇಲೆ ಒಮ್ಮೆ ಬುದ್ಧಿಗೆ ಕೆಲಸ ಕೊಡುವ ಪರೀಕ್ಷೆ ಮಾಡಿದರು. ಕೈ ಬಿಗಿಯಿದ್ದ ಕಟಾವಿನ ಮುಂಚಿನ ದಿನಗಳಲ್ಲಿ ಅವರು ಕಮ್ಮಿ ಮಾಡಿದರು. ಹಣ ಬಂದ ಮೇಲೆ ಅದೇ ಜನ ಚೆನ್ನಾಗಿ ಮಾಡಿದರು. ಮನುಷ್ಯ ಅದೇ, ತಲೆಯೂ ಅದೇ. ಚಿಂತೆ ಅಷ್ಟು ಜಾಗ ತಿನ್ನುತ್ತದೆ. ಅದಕ್ಕೇ ಇಂಥ ದಿನಗಳಲ್ಲಿ ಯಾರೋ ಅವಸರ ಮಾಡುತ್ತಾರೆ ಅಂತ ಸಹಿ ಹಾಕಬೇಡಿ. ಒಂದು ರಾತ್ರಿ ಕಳೆಯಲಿ. ಇನ್ನೊಬ್ಬರಿಗೆ ತೋರಿಸಿ. ಕೋಪದಲ್ಲಿ ರಾಜೀನಾಮೆಯನ್ನೂ ಬರೆಯಬೇಡಿ.

ಹಾಗಂತ ಸುಮ್ಮನೆ ಕಾಯುತ್ತಾ ಇರಿ ಅಂತಲೂ ಹೇಳುತ್ತಿಲ್ಲ. ಎರಡು ತಿಂಗಳ ಬಾಕಿ ಇದ್ದು, ಇಂಥ ತಾರೀಖಿಗೆ ಕೊಡುತ್ತೇವೆ ಅಂತ ಬರೆದುಕೊಡಲೂ ಅವರು ತಯಾರಿಲ್ಲ ಅಂದರೆ, ಬೇರೆ ಕೆಲಸ ಹುಡುಕಲು ಶುರು ಮಾಡಿ ಅನ್ನುವುದು ನನ್ನ ಅಭಿಪ್ರಾಯ. ಇರುವ ಕೆಲಸದಲ್ಲಿ ಇದ್ದುಕೊಂಡೇ ಹುಡುಕಿ. ಬಿಡುವ ದಿನ ಬಾಕಿಯ ಲೆಕ್ಕ ಬರೆದು, ಒಂದು ಪ್ರತಿಗೆ 'ತಲುಪಿದೆ' ಅಂತ ಸಹಿ ಹಾಕಿಸಿಕೊಂಡು ಹೊರಡಿ. ದೂರು ಕೊಡುವುದಕ್ಕೆ ಎಷ್ಟು ಸಮಯ ಇದೆ ಅಂತಲೂ ಬೇಗ ವಿಚಾರಿಸಿ. ಕೆಲಸ ಬಿಟ್ಟ ಮಾತ್ರಕ್ಕೆ ಬಾಕಿ ಸತ್ತುಹೋಗುವುದಿಲ್ಲ.

ಹೊಸ ಕಡೆ ಸೇರುವಾಗ ಸಂಬಳ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ನೀವು ಇನ್ನೂ ಒಂದಿಷ್ಟು ಕೇಳಿ. ಯಾವ ತಾರೀಖಿಗೆ ಕೊಡುತ್ತೀರಿ? ಹಾಜರಿಗೆ ಸಹಿ ಯಾರದ್ದು? ಅವರು ರಜೆ ಹಾಕಿದರೆ ಯಾರು? ನಿಮಗೆ ಬಿಲ್ ತಡವಾದರೂ ನಮಗೆ ಸಂಬಳ ಆಗುತ್ತದೆಯೇ? ಅಲ್ಲಿ ಈಗಾಗಲೇ ಕೆಲಸ ಮಾಡುತ್ತಿರುವವರನ್ನೂ ಗೇಟಿನ ಹತ್ತಿರ ನಿಲ್ಲಿಸಿ ಒಂದು ಮಾತು ಕೇಳಿ, ಹೋದ ತಿಂಗಳದ್ದು ಯಾವತ್ತು ಬಂತು ಅಂತ. ಒಳಗೆ ಹೇಳಿದ ತಾರೀಖಿಗೂ ಗೇಟಿನ ಹತ್ತಿರ ಕೇಳಿದ ತಾರೀಖಿಗೂ ಬಹಳ ವ್ಯತ್ಯಾಸ ಇದ್ದರೆ, ಗೇಟಿನ ಹತ್ತಿರ ಕೇಳಿದ್ದನ್ನೇ ನಂಬಿ ಮನೆಯ ಲೆಕ್ಕ ಹಾಕಿಕೊಳ್ಳಿ.

ನಮಸ್ಕಾರ.