ಧಾರೆಯ ಹೊತ್ತಿಗೂ ನಿಲ್ಲುವ ತುರುಬು

ಕೇಳುಗರಿಗೆ ನಮಸ್ಕಾರ. ಮಂಗಳೂರಿನ ಕಡೆ ಮದುಮಗಳಿಗೆ ತಲೆ ಕಟ್ಟುವುದು ನನ್ನ ಕೆಲಸ. ಬೆಳಗಿನ ಜಾವ 4 ಗಂಟೆಗೆ ಕಟ್ಟಿದ ತುರುಬು ಮಧ್ಯಾಹ್ನದ ಊಟ ಮುಗಿಯುವವರೆಗೆ ನಿಲ್ಲಬೇಕು. ಅದೂ ಮೇ ತಿಂಗಳ ಸೆಕೆಯಲ್ಲಿ, ಹಾಲ್ ತುಂಬ ಜನರ ನಡುವೆ.

ಮೊದಮೊದಲು ಹೇರ್ ಸ್ಪ್ರೇ ಡಬ್ಬಿಯ ಮೇಲೆ ‘ಎಕ್ಸ್‌ಟ್ರಾ ಸ್ಟ್ರಾಂಗ್’ ಎಂದಿದ್ದರೆ ಸಾಕು, ನಂಬಿ ತರುತ್ತಿದ್ದೆ. ಒಂದು ಮದುವೆಯಲ್ಲಿ ಧಾರೆ ಎರೆಯುವ ಹೊತ್ತಿಗೆ ಹುಡುಗಿಯ ಗುಂಗುರೆಲ್ಲ ಇಳಿದು ಹಣೆಗೆ ಅಂಟಿಕೊಂಡಿತು. ಅವಳ ಮುಖ ಇವತ್ತಿಗೂ ಕಣ್ಣ ಮುಂದಿದೆ. ಆಮೇಲೆ ಡಬ್ಬಿಯ ಹಿಂಬದಿಯ ಪದಾರ್ಥಗಳ ಪಟ್ಟಿ ಓದಲು ಕಲಿತೆ.

ಕೂದಲು ಒದ್ದೆಯಾದಾಗ ಅದರ ಆಕಾರ ಹಿಡಿದಿಡುವ ಒಳಗಿನ ಹೈಡ್ರೋಜನ್ ಬಂಧಗಳು ಬಿಚ್ಚಿಕೊಳ್ಳುತ್ತವೆ. ಒಣಗುವಾಗ ಕೂದಲು ಯಾವ ಆಕಾರದಲ್ಲಿದೆಯೋ ಅದರಲ್ಲೇ ಮತ್ತೆ ಕೂಡುತ್ತವೆ. ನಮ್ಮ ಕರಾವಳಿಯ ಗಾಳಿಯ ತೇವವೇ ಸಾಕು, ಅವು ಮತ್ತೆ ಸಡಿಲವಾಗುತ್ತವೆ. ತೀರಾ ತೇವವಿದ್ದರೆ ಕೂದಲು ತನ್ನ ತೂಕದ ಶೇ. 30ರ ಹತ್ತಿರ ನೀರು ಹೀರಬಲ್ಲದು. ಸ್ಪ್ರೇ ಎಳೆಎಳೆಯನ್ನೂ ತೆಳು ಪೊರೆಯಿಂದ ಬೆಸೆಯುತ್ತದೆ. ಆದರೆ ಆ ಪೊರೆಯೇ ನೀರು ಕುಡಿದರೆ? ಪಿವಿಪಿ ಎಂಬ ಹಳೆಯ ಅಂಟಿನದು ಅದೇ ತೊಂದರೆ, ತೇವಕ್ಕೆ ಮೆತ್ತಗಾಗಿ ಜಿಗುಟಾಗುತ್ತದೆ. ಅದರ ಬದಲು ‘ವಿಪಿ/ವಿಎ ಕೋಪಾಲಿಮರ್’ ಎಂದು ಬರೆದಿದ್ದರೆ, ಅದು ತೇವಕ್ಕೆ ಅಷ್ಟು ಮೆತ್ತಗಾಗದ ಅಂಟು, ಇಲ್ಲಿಗೆ ಅದೇ ವಾಸಿ. ಜೆಲ್‌ನ ಪಟ್ಟಿಯಲ್ಲಿ ಗ್ಲಿಸರಿನ್ ಮೊದಲಲ್ಲೇ ಇದ್ದರೆ ಈ ಊರಿಗೆ ಬೇಡ. ಅದು ತೇವವನ್ನು ಕರೆದು ಕೂರಿಸುತ್ತದೆ.

ತೆಳು ಕೂದಲಿಗೆ ಬುಡದಲ್ಲಿ ಸ್ವಲ್ಪ ಮೂಸ್, ಅಂದರೆ ಕೂದಲಿಗೆ ಹಚ್ಚುವ ನೊರೆ, ಹಚ್ಚಿ ಒಣಗಿಸಿ. ಗುಂಗುರು ಮಾಡಿದರೆ ಸುರುಳಿ ಪೂರ್ತಿ ತಣಿಯುವವರೆಗೆ ಕ್ಲಿಪ್ ತೆಗೆಯಬೇಡಿ. ಸ್ಪ್ರೇಯನ್ನು 25–30 ಸೆಂಟಿಮೀಟರ್ ದೂರದಿಂದ ತೆಳ್ಳಗೆ ಹೊಡೆದು, ಒಣಗಿದ ಮೇಲೆ ಇನ್ನೊಮ್ಮೆ ಹೊಡೆಯಿರಿ.

ಅಮ್ಮಂದಿರಲ್ಲಿ ಒಂದು ಬೇಡಿಕೆ: ಹಿಂದಿನ ರಾತ್ರಿ ಮಗಳ ತಲೆಗೆ ಎಣ್ಣೆ ಹಚ್ಚಬೇಡಿ. ಪ್ರೀತಿಯಿಂದ ಹಚ್ಚುತ್ತೀರಿ, ಗೊತ್ತು. ಎರಡು ದಿನ ಮೊದಲೇ ಎಣ್ಣೆಸ್ನಾನ ಮುಗಿಸಿಬಿಡಿ. ಜಿಡ್ಡಿನ ಮೇಲೆ ಯಾವ ಪೊರೆಯೂ ಕೂರುವುದಿಲ್ಲ. ಮಲ್ಲಿಗೆಯನ್ನೂ ಬಾಳೆಎಲೆಯಿಂದ ಬಿಡಿಸಿ, ಬಟ್ಟೆಯ ಮೇಲೆ ಹರಡಿ ನೀರು ಆರಿಸಿ. ಒದ್ದೆ ಹೂ ಮುಡಿಸಿದರೆ ಅಷ್ಟು ಹೊತ್ತು ಒಣಗಿಸಿದ್ದೆಲ್ಲ ದಂಡ.

ಸ್ಪ್ರೇ ಡಬ್ಬಿಯಲ್ಲಿರುವುದು ಹೆಚ್ಚಾಗಿ ಆಲ್ಕೋಹಾಲ್, ಜೊತೆಗೆ ಹೊತ್ತಿಕೊಳ್ಳುವ ಅನಿಲ. ಅದನ್ನು ಕೋಣೆಯಲ್ಲೇ ಮುಗಿಸಿ, ತಲೆ ಪೂರ್ತಿ ಒಣಗಿದ ಮೇಲೇ ಹುಡುಗಿಯನ್ನು ಮಂಟಪಕ್ಕೆ ಕಳಿಸುತ್ತೇನೆ. ಹೋಮದ ಹತ್ತಿರ ಯಾರಾದರೂ ಡಬ್ಬಿ ತಂದರೆ ಕೈಯಿಂದ ಕಸಿದುಕೊಳ್ಳುತ್ತೇನೆ. ಅಲ್ಲಿ ತುರುಬು ಸಡಿಲವಾದರೆ ಎರಡು ಯು-ಪಿನ್ ಸಾಕು.