ಪಂದ್ಯದ ರಾತ್ರಿಗಳಿಗೆ ಬಾಡಿಗೆಗೆ ಸಿಗುವ ಮನೆ

ನಮಸ್ಕಾರ. ನವಿ ಮುಂಬಯಿಯ ನೆರೂಲಿನ ಡಿ. ವೈ. ಪಾಟೀಲ್ ಕ್ರೀಡಾಂಗಣದ ಆಸುಪಾಸಿನಲ್ಲಿ ಮನೆ ಮಾಡಿಕೊಂಡಿರುವ ನಮ್ಮವರಲ್ಲಿ, ದೊಡ್ಡ ಪಂದ್ಯವೊಂದು ಗೊತ್ತಾದ ಕೂಡಲೇ ಏಳುವ ಪ್ರಶ್ನೆಯನ್ನು ಇವತ್ತು ಎತ್ತಿಕೊಂಡಿದ್ದೇನೆ. ನಾವು ನಾಲ್ಕು ದಿನ ಡೊಂಬಿವಲಿಯ ಅಕ್ಕನ ಮನೆಯಲ್ಲಿದ್ದು, ನಮ್ಮ ಫ್ಲ್ಯಾಟನ್ನು ಪಂದ್ಯ ನೋಡಲು ಬರುವವರಿಗೆ ದಿನದ ಲೆಕ್ಕದಲ್ಲಿ ಕೊಟ್ಟರೆ ಆಗದೇ? ಆಗುತ್ತದೆ ಎಂಬುದೇ ನನ್ನ ಅಭಿಪ್ರಾಯ. ಆದರೆ ಬಂದವರನ್ನು ಹೌಸಿಂಗ್ ಸೊಸೈಟಿಯ ಮುಂದೆ 'ನಮ್ಮ ಊರಿನ ನೆಂಟರು' ಎಂದು ತೋರಿಸಿ ಕೊಡುವುದು ಮಾತ್ರ ತಪ್ಪು, ಮತ್ತು ಈ ವ್ಯವಹಾರದ ಮುಕ್ಕಾಲು ರಗಳೆ ಹುಟ್ಟುವುದು ಆ ಒಂದು ಸುಳ್ಳಿನಿಂದಲೇ.

ಇಂಥ ಸುಳ್ಳಿಗೆ ಅವಸರವೇ ಕಾರಣ. 2025ರ ಮಹಿಳಾ ಕ್ರಿಕೆಟ್ ವಿಶ್ವಕಪ್ಪನ್ನೇ ನೋಡಿ. ಬೆಂಗಳೂರಿಗೆ ನಿಗದಿಯಾಗಿದ್ದ ಪಂದ್ಯಗಳು ಆಗಸ್ಟಿನಲ್ಲಿ ನವಿ ಮುಂಬಯಿಯ ಪಾಲಿಗೆ ಬಂದವು. ಫೈನಲ್ ಕೂಡ ಪಾಕಿಸ್ತಾನ ಅಲ್ಲಿಯವರೆಗೆ ಬಂದರೆ ಕೊಲಂಬೊದಲ್ಲಿ, ಇಲ್ಲವಾದರೆ ಇಲ್ಲಿ ಎಂಬ ಷರತ್ತಿಗೆ ಒಳಪಟ್ಟಿತ್ತು. ಭಾರತ ಆಸ್ಟ್ರೇಲಿಯಾವನ್ನು ಸೋಲಿಸಿ ಫೈನಲ್ಲಿಗೆ ಹೋಗುತ್ತದೆ ಎಂಬುದು ಖಚಿತವಾದದ್ದು ಅಕ್ಟೋಬರ್ 30ರ ರಾತ್ರಿ. ಫೈನಲ್ ಇದ್ದದ್ದು ನವೆಂಬರ್ 2ರ ಭಾನುವಾರ. ನಡುವೆ ಉಳಿದ ಎರಡು ದಿನಗಳಲ್ಲಿ ರೂಮು ಹುಡುಕುವವನಿಗೂ ಪುರುಸೊತ್ತಿಲ್ಲ, ಮನೆ ಕೊಡುವವನಿಗೂ ಇಲ್ಲ. ಸೆಕ್ರೆಟರಿಗೆ ಪತ್ರ ಬರೆದು ಉತ್ತರಕ್ಕೆ ಕಾಯುವಷ್ಟು ಹೊತ್ತಿಗೆ ಗಿರಾಕಿ ವಾಶಿಯಲ್ಲೋ ಬೇಲಾಪುರದಲ್ಲೋ ಜಾಗ ಹಿಡಿದಿರುತ್ತಾನೆ ಎಂಬ ಲೆಕ್ಕದಲ್ಲಿ, ಗೇಟಿನ ಆಪ್‌ನಲ್ಲಿ 'ಗೆಸ್ಟ್' ಎಂದು ಒತ್ತಿ, ಬೀಗದ ಕೈಯನ್ನು ಚಪ್ಪಲಿ ಗೂಡಿನಲ್ಲಿಟ್ಟು ನಾವು ಲೋಕಲ್ ರೈಲು ಹತ್ತುತ್ತೇವೆ.

ಆ ಫೈನಲ್ ಮಳೆಯಿಂದಾಗಿ ಎರಡು ಗಂಟೆ ತಡವಾಗಿ ಶುರುವಾಗಿ, ಭಾರತ ದಕ್ಷಿಣ ಆಫ್ರಿಕಾದ ಎದುರು 52 ರನ್ನುಗಳಿಂದ ಗೆಲ್ಲುವಾಗ ಹೆಚ್ಚುಕಡಿಮೆ ನಡುರಾತ್ರಿ. ಅಂಥ ರಾತ್ರಿ ಕುಣಿದು ಬರುವ ಜನ ಮೆಲ್ಲಗೆ ಲಿಫ್ಟ್ ಹತ್ತಿ ಮಲಗಲಿ ಎಂದು ನಿರೀಕ್ಷಿಸುವುದೇ ಅನ್ಯಾಯ. ಆದರೆ ವಾಚ್‌ಮನ್‌ನ ಜಾಗದಲ್ಲಿ ನಿಂತು ಯೋಚಿಸಿ: ರಿಜಿಸ್ಟರಿನಲ್ಲಿ ನಾಲ್ಕು ಹೆಸರು, ಗೇಟಿನಲ್ಲಿ ಏಳು ಜನ, ಕೇಳಿದರೆ 'ಅಂಕಲ್ ನಮ್ಮ ಸಂಬಂಧಿಕರು' ಎಂಬ ಉತ್ತರ, ಅಂಕಲ್ ಹೆಸರೇನೆಂದರೆ ಮೊಬೈಲಿನಲ್ಲಿ ಬುಕಿಂಗ್ ತೆರೆದು ಓದಿ ಹೇಳುತ್ತಾರೆ. ಬಿಟ್ಟರೆ ಕಮಿಟಿ ಬೈಯುತ್ತದೆ, ತಡೆದರೆ ಮಾಲೀಕ ಬೈಯುತ್ತಾನೆ. ಬಾಡಿಗೆಯಲ್ಲಿ ವಾಚ್‌ಮನ್‌ಗೆ ದಕ್ಕುವುದು ಏನೂ ಇಲ್ಲ.

ಕಾನೂನಿನ ಮಾತು ಚುಟುಕಾಗಿ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮಿನ ಪ್ರಕಾರ ಲೀವ್ ಆಂಡ್ ಲೈಸೆನ್ಸ್ ಕರಾರು, ಅಂದರೆ ಗೊತ್ತಾದ ಅವಧಿಗೆ ಮನೆ ಬಳಸಲು ಕೊಡುವ ಕರಾರು, ಬರಹದಲ್ಲಿರಬೇಕು, ನೋಂದಣಿಯಾಗಬೇಕು. ಆ ಹೊಣೆ ಮಾಲೀಕನದು. ನೋಂದಣಿ ಇಲ್ಲದಿದ್ದರೆ, ವಿವಾದ ಬಂದಾಗ, ಬೇರೆ ಪುರಾವೆ ಇಲ್ಲದಿರುವಲ್ಲಿ, ಒಳಗಿದ್ದವನು ಹೇಳಿದ ಷರತ್ತೇ ನಿಜವೆಂದು ಎಣಿಕೆಯಾಗುತ್ತದೆ. ಎರಡು ರಾತ್ರಿಯ ವಾಸಕ್ಕೆ ಯಾರೂ ನೋಂದಣಿ ಮಾಡಿಸುವುದಿಲ್ಲ, ಹಾಗಾಗಿ ನಾವು ಲಾಡ್ಜೂ ಅಲ್ಲದ, ಬಾಡಿಗೆ ಮನೆಯೂ ಅಲ್ಲದ ಜಾಗದಲ್ಲಿ ನಿಂತಿರುತ್ತೇವೆ. ಬಂದವರು ವಿದೇಶಿಯರಾದರೆ 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಅಧಿಕಾರಿಗೆ ಮಾಹಿತಿ ಕೊಡಬೇಕು. ಇದು ಹೋಟೆಲಿನವರಿಗೆ ಮಾತ್ರವಲ್ಲ, ಮನೆಯಲ್ಲಿ ಇಳಿಸಿಕೊಂಡವರಿಗೂ ಅನ್ವಯಿಸುತ್ತದೆ. ದಕ್ಷಿಣ ಆಫ್ರಿಕಾದ ಅಭಿಮಾನಿಯನ್ನು ಊರಿನ ನೆಂಟ ಎನ್ನಲು ಹೇಗೂ ಬರುವುದಿಲ್ಲ, ಬಿಡಿ.

ಇನ್ನು ಹಣ. ಬಾಡಿಗೆಗೆ ಕೊಟ್ಟ ಫ್ಲ್ಯಾಟಿನ ಮೇಲೆ ಸೊಸೈಟಿ ಹಾಕುವ ನಾನ್-ಆಕ್ಯುಪೆನ್ಸಿ ಶುಲ್ಕ ಸರ್ವಿಸ್ ಚಾರ್ಜಿನ ಶೇ. 10ನ್ನು ಮೀರುವಂತಿಲ್ಲ ಎಂದು 2001ರಲ್ಲೇ ರಾಜ್ಯ ಸರ್ಕಾರ ಗೊತ್ತುಪಡಿಸಿದೆ. ಅದರ ಭಯಕ್ಕೆ ಬಚ್ಚಿಡುವವರು ಉಳಿಸಿಕೊಳ್ಳುವುದು ಪುಡಿಗಾಸು. ಸಿಕ್ಕ ಬಾಡಿಗೆಗೆ ಆದಾಯ ತೆರಿಗೆ ಇದೆ. ಹಾಸಿಗೆ, ತಿಂಡಿ, ಸಫಾಯಿ ಎಲ್ಲ ಸೇರಿಸಿ ಕೊಟ್ಟರೆ ಅದನ್ನು ಮನೆ ಬಾಡಿಗೆ ಎನ್ನದೆ ವ್ಯಾಪಾರದ ಆದಾಯವೆಂದು ನೋಡುವ ಸಾಧ್ಯತೆಯೂ ಇದೆ, ಆಗ ಮನೆ ಬಾಡಿಗೆಯ ಆದಾಯಕ್ಕಿರುವ ಶೇ. 30ರ ಕಡಿತ ಸಿಗುವುದಿಲ್ಲ.

ಹಣಕ್ಕಿಂತ ಹೆಚ್ಚು ಯೋಚನೆ ಬೇಕಾದದ್ದು ಅಡುಗೆಮನೆಗೆ. ಜಾಹೀರಾತಿನ ಫೋಟೋದಲ್ಲಿ ಹಾಲ್, ಬಾಲ್ಕನಿ ಚೆನ್ನಾಗಿ ಕಾಣುತ್ತವೆ. ನಮ್ಮ ಒಂದು ಬೆಡ್‌ರೂಮಿನ ಮನೆಗಳಲ್ಲಿ ದೇವರು ಇರುವುದು ಅಡುಗೆ ಕಟ್ಟೆಯ ಮೇಲಿನ ಗೂಡಿನಲ್ಲಿ. ಕೆಳಗೆ ಬಂದವರು ಕೋಳಿ ಬೇಯಿಸಬಹುದು, ದೀಪದ ಪಕ್ಕದಲ್ಲೇ ಬಾಟಲಿ ಇಡಬಹುದು. ದುಡ್ಡು ಕೊಟ್ಟವರಿಗೆ ಅದು ಬರೀ ಕಟ್ಟೆ, ಅವರ ತಪ್ಪೇನೂ ಇಲ್ಲ. ಅಮ್ಮನಿಗೆ ಇದು ನಡೆಯುವುದಿಲ್ಲ ಎಂದಾದರೆ ಮನೆ ಕೊಡಲೇಬೇಡಿ. ಕೊಟ್ಟ ಮೇಲೆ ಬಂದವರ ಮೇಲೆ ಸಿಟ್ಟಾಗುವುದರಲ್ಲಿ ಅರ್ಥವಿಲ್ಲ. ಅಡುಗೆಮನೆಗೆ ಬೀಗ ಹಾಕಿ ಕೊಡುವುದಾದರೆ ಅದನ್ನು ಬುಕಿಂಗಿಗೆ ಮೊದಲೇ ಬರೆಯಬೇಕು. ಇತ್ತ ಬೆಂಗಳೂರಿನ ಅಳಿಯ ತಾನೂ ಟಿಕೆಟ್ ತೆಗೆದಿದ್ದೇನೆ, ಇಬ್ಬರು ಗೆಳೆಯರ ಜೊತೆ ಬರುತ್ತೇನೆ ಎಂದು ಅದೇ ವಾರ ಫೋನ್ ಮಾಡಿದರೆ ಏನು ಹೇಳುವುದೆಂದು ಸಹ ಯೋಚಿಸಿಟ್ಟುಕೊಳ್ಳಿ. ಅವನಿಂದ ಬಾಡಿಗೆ ಕೇಳುವ ಧೈರ್ಯ ನನಗಂತೂ ಇಲ್ಲ.

ಹಾಗೆಂದು, ಇದನ್ನೆಲ್ಲ ನೆಪ ಮಾಡಿಕೊಂಡು ಪೂರ್ತಿ ನಿಷೇಧ ಹೇರುವ ಕಮಿಟಿಗಳ ಪರವಾಗಿ ನಾನಿಲ್ಲ. ವರ್ಷವಿಡೀ ಒಂದೇ ಫ್ಲ್ಯಾಟಿನಲ್ಲಿ ಎಂಟು ಜನ ಪೇಯಿಂಗ್ ಗೆಸ್ಟ್ ಇಟ್ಟವರನ್ನು ಕೇಳದೆ, ಸ್ವಂತ ಮನೆಯನ್ನು ನಾಲ್ಕು ದಿನಕ್ಕೆ ಕೊಟ್ಟ ನಿವೃತ್ತ ದಂಪತಿಗೆ ನೋಟಿಸು ಕೊಡುವುದು ನ್ಯಾಯವಲ್ಲ. ನಿಷೇಧವಿದ್ದಲ್ಲಿ ನೆಂಟರ ಸಂಖ್ಯೆ ಇನ್ನಷ್ಟು ಹೆಚ್ಚುತ್ತದೆ, ಅಷ್ಟೇ. ಸೆಪ್ಟೆಂಬರ್ 30ರೊಳಗೆ ವಾರ್ಷಿಕ ಮಹಾಸಭೆ ಹೇಗೂ ನಡೆಯಬೇಕು. ಯಾವ ಪಂದ್ಯವೂ ಕಣ್ಣಮುಂದಿಲ್ಲದ ಆ ಹೊತ್ತಿನಲ್ಲಿ ಒಂದು ಠರಾವು ಮಂಡಿಸಿ. ಪಂದ್ಯದ ದಿನಗಳಿಗೆ ಮನೆ ಕೊಡುವ ಸದಸ್ಯರು ಒಂದು ದಿನ ಮುಂಚೆ ಬರುವವರೆಲ್ಲರ ಹೆಸರು ಮತ್ತು ಗುರುತಿನ ಪತ್ರದ ಪ್ರತಿಯನ್ನು ಆಫೀಸಿಗೆ ಕೊಡಬೇಕು, ರಾತ್ರಿ ಫೋನ್ ಎತ್ತುವ ಒಬ್ಬರನ್ನು ಕಟ್ಟಡದಲ್ಲೇ ಗೊತ್ತುಮಾಡಬೇಕು, ರಾತ್ರಿ ಪಾಳಿಯ ವಾಚ್‌ಮನ್‌ಗೂ ಮೆಟ್ಟಿಲು ಗುಡಿಸುವವರಿಗೂ ಇಂತಿಷ್ಟು ಎಂದು ಮೊದಲೇ ಕಟ್ಟಬೇಕು. ಕಮಿಟಿಯವರು ಒಪ್ಪದಿದ್ದರೆ ಕಾರಣವನ್ನು ನಡಾವಳಿಯಲ್ಲಿ ಬರೆಸಿ.